ಕೊಡಗಿನ ಮನೆಗೆ ಎಂಥ ದೋಣಿ? ಕಾಸು ಕೊಡುವ ಮೊದಲು ನೋಡಬೇಕಾದ್ದು

ಕೊಡಗಿನಲ್ಲಿ ದೋಣಿ ಕೊಳ್ಳುವ ಆಸೆ ಹುಟ್ಟುವುದು ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ. ಮಳೆ ಬಿಟ್ಟಿರುತ್ತದೆ. ಹಾರಂಗಿ ಅಣೆಕಟ್ಟು ತುಂಬಿರುತ್ತದೆ. ತೋಟದ ಕೆರೆ ದಂಡೆ ಮುಟ್ಟಿ ನಿಂತಿರುತ್ತದೆ, ಮಕ್ಕಳಿಗೆ ದಸರಾ ರಜೆ ಬೇರೆ. ಅದೇ ಹೊತ್ತಿಗೆ ಯಾರೋ ಸ್ಪೀಡ್‌ಬೋಟ್ ಹಗ್ಗ ಕಟ್ಟಿ ಎಳೆಯುವ ಟ್ಯೂಬ್ ಮೇಲೆ ಕೂತು ನೀರಿನ ಮೇಲೆ ಹಾರುವ ವಿಡಿಯೊ ಮೊಬೈಲ್‌ಗೆ ಬರುತ್ತದೆ. ಮರುದಿನವೇ ಅಡ್ವಾನ್ಸ್ ಕೊಟ್ಟುಬಿಡುವವರೂ ಇದ್ದಾರೆ. ಒಂದು ಬೇಸಿಗೆ ಕಾಯಿರಿ ಅನ್ನುತ್ತೇನೆ. ಅದೇ ಕೆರೆಯನ್ನು ಮಾರ್ಚ್ ಕೊನೆಗೆ ಹೋಗಿ ನೋಡಿ. ನಿಮಗೆ ಬೇಕಾಗಿರುವ ದೋಣಿಯೇ ಬೇರೆ ಅಂತ ಆಗ ಗೊತ್ತಾಗುತ್ತದೆ.

ಅಂಗಡಿಯವರು ದೋಣಿಯಿಂದ ಮಾತು ಶುರು ಮಾಡುತ್ತಾರೆ. ಎಷ್ಟು ಅಡಿ, ಎಷ್ಟು ಎಚ್‌ಪಿ, ಯಾವ ಬಣ್ಣ. ನಾವು ಹೋಗಬೇಕಾದ್ದು ಉಲ್ಟಾ. ಮೊದಲು ನೀರು, ಆಮೇಲೆ ನೀರಿನವರೆಗಿನ ದಾರಿ, ಆಮೇಲೆ ಮನೆಯ ಜನ. ಇಷ್ಟು ಲೆಕ್ಕ ಹಾಕಿದರೆ ಪಟ್ಟಿಯಲ್ಲಿ ಉಳಿಯುವುದು ಎರಡೋ ಮೂರೋ ದೋಣಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕೊಡಗಿನ ಹೆಚ್ಚಿನ ಮನೆಗಳಿಗೆ ಸ್ಪೀಡ್‌ಬೋಟ್ ಬೇಡ. ಇಬ್ಬರು ಎತ್ತಿಕೊಂಡು ಹೋಗುವಂಥ ಹಗುರ ದೋಣಿ ಸಾಕು.

ಮೊದಲ ಹೆಜ್ಜೆ: ನೀರು ಯಾವುದು?

ನಮ್ಮಲ್ಲಿ ದೋಣಿ ಇಳಿಸುವ ನೀರು ಮೂರು ಥರ. ತೋಟದ ಕೆರೆ, ಅಣೆಕಟ್ಟಿನ ಹಿನ್ನೀರು, ಹೊಳೆ.

ತೋಟದ ಕೆರೆ ಇದ್ದವರಿಗೆ ಅರ್ಧ ತಲೆನೋವು ಕಡಿಮೆ, ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಆ ಕೆರೆ ತೋಡಿದ್ದು ದೋಣಿಗಲ್ಲ, ಕಾಫಿಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಮಳೆ ಕೈಕೊಟ್ಟರೆ ಹೂವು ಅರಳಿಸಲು ಸ್ಪ್ರಿಂಕ್ಲರ್ ಶುರುವಾಗುತ್ತದೆ. ಹೂವಿನ ಸುತ್ತು ಮುಗಿದು, ಹೂ ಅರಳಿದ ಮೇಲೆ ಮತ್ತೊಮ್ಮೆ ನೀರು ಕೊಡುವ ಬ್ಯಾಕಿಂಗ್ ಸುತ್ತೂ ಮುಗಿಯುವಷ್ಟರಲ್ಲಿ ನೀರು ಎಷ್ಟೋ ಅಡಿ ಕೆಳಗೆ ಹೋಗಿರುತ್ತದೆ. ದಂಡೆ ಕಡಿದಾಗುತ್ತದೆ, ಅಂಚಿನಲ್ಲಿ ಮೊಣಕಾಲುದ್ದ ಹೂಳು. ಮಕ್ಕಳ ದೊಡ್ಡ ರಜೆ ಬರುವುದು ಅದೇ ಏಪ್ರಿಲ್, ಮೇನಲ್ಲಿ. ಕೆರೆ ತುಂಬಿರುವ ಡಿಸೆಂಬರ್, ಜನವರಿಯಲ್ಲಿ ಹಣ್ಣು ಕುಯ್ಯುವ ಕೆಲಸ, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಕಡಿಮೆ ನೀರಲ್ಲೂ ತೇಲುವ, ಹೂಳಿನ ಮೇಲೆ ಎಳೆದುಕೊಂಡು ಹೋಗಬಹುದಾದ ದೋಣಿ ಬೇಕು. ತಳ ಚಪ್ಪಟೆ ಇರಬೇಕು, ಭಾರ ಇರಬಾರದು.

ಕೆರೆಯ ಅಳತೆ ಇನ್ನೊಂದು ವಿಷಯ. ಎರಡು ಎಕರೆ ಕೆರೆ ಅಂದರೆ ಸುಮಾರು 90 ಮೀಟರ್ ಉದ್ದ, 90 ಮೀಟರ್ ಅಗಲ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವ ದೋಣಿ ಒಂದು ಸೆಕೆಂಡಿಗೆ 8 ಮೀಟರ್ ದಾಟುತ್ತದೆ. ಅಂದರೆ ಈ ದಂಡೆಯಿಂದ ಆ ದಂಡೆಗೆ 11 ಸೆಕೆಂಡ್. ಹಿಂದೆ 20 ಮೀಟರ್ ಹಗ್ಗ, ಹಗ್ಗದ ತುದಿಯಲ್ಲಿ ನಿಮ್ಮ ಮಗ. ತಿರುಗಿಸಲು ಜಾಗ ಎಲ್ಲಿದೆ? ಯಾರಾದರೂ ತೋಟದ ಕೆರೆಗೆ 40 ಎಚ್‌ಪಿ ದೋಣಿ ಮಾರಲು ಬಂದರೆ ಈ ಲೆಕ್ಕವನ್ನು ಅವರ ಮುಂದೆ ಇಡಿ.

ಕೆರೆಯೊಳಗೆ ಪಂಪಿನ ಫುಟ್‌ವಾಲ್ವ್, ಪೈಪು ಎಲ್ಲಿದೆ ಅಂತ ತೋಟದ ಮೇಸ್ತ್ರಿಯನ್ನು ಕೇಳಿ ಗುರುತು ಹಾಕಿಕೊಳ್ಳಿ. ಸಂಜೆ ಆರರ ಮೇಲೆ ನೀರಿಗಿಳಿಯುವ ಯೋಚನೆ ಬೇಡ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಆ ಹೊತ್ತಿನಲ್ಲಿ ಕೆರೆ ಆನೆಗಳದ್ದು.

ಹಿನ್ನೀರು ಅಂದರೆ ಹಾರಂಗಿ, ಚಿಕ್ಲಿಹೊಳೆ. ನೋಡಲು ಸಮುದ್ರದ ಹಾಗಿದ್ದರೂ ಒಳಗೆ ಮುಳುಗಿದ ಮರದ ಬೊಡ್ಡೆಗಳಿರುತ್ತವೆ. ನೀರು ತುಂಬಿದಾಗ ಅವು ಆಳದಲ್ಲಿ, ತೊಂದರೆ ಇಲ್ಲ. ನೀರು ಇಳಿಯುತ್ತಾ ಬಂದ ಹಾಗೆ ಒಂದೊಂದೇ ಮೇಲ್ಮೈಯಿಂದ ಅರ್ಧ ಅಡಿ ಕೆಳಗೆ ಬಂದು ನಿಲ್ಲುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಪ್ರೊಪೆಲ್ಲರ್ ಹೋಗುವುದು ಆಗಲೇ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಬಯಲು ನೀರಿನಲ್ಲಿ ಅಲೆಯೂ ಏಳುತ್ತದೆ. ಗಾಳಿ ತುಂಬಿಸುವ ಹಗುರ ದೋಣಿಯನ್ನು ಗಾಳಿ ಎಲ್ಲಿಗೆ ಬೇಕಾದರೂ ತಳ್ಳಿಕೊಂಡು ಹೋಗುತ್ತದೆ. ಬೆಳಗ್ಗೆ ಹೋಗಿ ಹತ್ತು, ಹನ್ನೊಂದಕ್ಕೆ ದಂಡೆಗೆ ಬನ್ನಿ.

ಹೊಳೆಯ ವಿಷಯ ಬೇಗ ಮುಗಿಸುತ್ತೇನೆ. ಬೇಸಿಗೆಯ ಕಾವೇರಿಯಲ್ಲಿ ಅಲ್ಲಲ್ಲಿ ಶಾಂತವಾದ ಮಡುಗಳಿವೆ. ಮೊಸಳೆಯೂ ಇದೆ. ಯಾವ ಮಡುವಿಗೆ ಇಳಿಯಬಾರದು ಅಂತ ಆ ಊರಿನವರಿಗೆ ಗೊತ್ತಿರುತ್ತದೆ, ಕೇಳಿ. ಮಳೆಗಾಲದ ಬರಪೊಳೆಯ ರಾಫ್ಟಿಂಗ್ ಬೇರೆಯದೇ ಆಟ. ಅದಕ್ಕೆ ಬೇರೆ ದೋಣಿ, ಹೆಲ್ಮೆಟ್, ಗೈಡ್ ಎಲ್ಲ ಬೇಕು. ದುಡ್ಡು ಕೊಟ್ಟು ಅವರ ರಾಫ್ಟ್‌ನಲ್ಲಿ ಹೋಗಿ ಬನ್ನಿ. ಕೆರೆಗೆ ತಂದ ಕಯಾಕನ್ನು (ಹುಟ್ಟು ಹಾಕಿ ನಡೆಸುವ ಕಿರಿದಾದ ಹಗುರ ದೋಣಿ) ಜುಲೈನಲ್ಲಿ ಹೊಳೆಗೆ ಇಳಿಸಬೇಡಿ. ಭಾಗಮಂಡಲದಲ್ಲಿ ರಸ್ತೆ ಮೇಲೆ ನೀರು ಬಂದಾಗ ಉಪಯೋಗಕ್ಕೆ ಬರುತ್ತದೆ ಅಂತ ದೋಣಿ ಕೊಳ್ಳುವವರಿಗೂ ಇದೇ ಮಾತು. ಪ್ರವಾಹದ ನೀರಿನಲ್ಲಿ ಮನೆ ದೋಣಿಗೆ ಕೆಲಸವಿಲ್ಲ.

ಎರಡನೆಯದು: ಅನುಮತಿ

ಇದನ್ನು ಎಲ್ಲರೂ ಕೊನೆಗೆ ನೋಡುತ್ತಾರೆ. ದೋಣಿ ಶೆಡ್‌ಗೆ ಬಂದ ಮೇಲೆ ಇಳಿಸಲು ಬಿಡುವುದಿಲ್ಲ ಅಂತ ಗೊತ್ತಾಗುತ್ತದೆ.

ಹಾರಂಗಿಯ ನೀರು ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ. ಖಾಸಗಿ ದೋಣಿಗೆ ಅನುಮತಿ ಸಿಗುತ್ತದೋ ಇಲ್ಲವೋ ಅಂತ ಎಂಜಿನಿಯರ್ ಕಚೇರಿಗೆ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಗೇಟ್ ಹತ್ತಿರ ನಿಂತಿರುವವರು "ಹೋಗಿ ಸಾರ್, ಏನಾಗಲ್ಲ" ಅಂದಿದ್ದು ಅನುಮತಿಯಲ್ಲ. ಅಣೆಕಟ್ಟಿನ ಗೋಡೆ, ತೂಬು, ಗೇಟುಗಳ ಹತ್ತಿರ ಯಾರಿಗೂ ಹೋಗುವಂತಿಲ್ಲ. ಕಾಡಿನೊಳಗಿನ ನೀರಾದರೆ ಅರಣ್ಯ ಇಲಾಖೆ, ಊರ ಕೆರೆಯಾದರೆ ಪಂಚಾಯಿತಿ. ಸೋಮವಾರಪೇಟೆ ಹತ್ತಿರ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಯಂಥ ಕಡೆ ನೀರಿಗೆ ಪೂಜೆ, ಬಾಗಿನ ನಡೆಯುತ್ತದೆ. ಅಲ್ಲಿ ಇಲಾಖೆಗಿಂತ ಮೊದಲು ಊರಿನ ಹಿರಿಯರನ್ನು ಕೇಳುವುದು ಮರ್ಯಾದೆ.

ಇಂಜಿನ್ ಹಾಕಿದ ದೋಣಿಗೆ ನೋಂದಣಿ ವಿಷಯ ಬರುತ್ತದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಬಂದಿದೆ. ಮಾರುವವರು "ಚಿಕ್ಕ ದೋಣಿಗೆ ಏನೂ ಬೇಡ" ಅಂದರೆ ಅದನ್ನು ಬಿಲ್ ಮೇಲೆ ಬರೆದುಕೊಡಿ ಅನ್ನಿ. ಬರೆಯುವುದಿಲ್ಲ. ಹೋಂಸ್ಟೇ ನಡೆಸುವವರು ಅತಿಥಿಗಳನ್ನು ಕೂರಿಸುವ ಯೋಚನೆಯಲ್ಲಿದ್ದರೆ ಅದು ಮನೆ ಬಳಕೆ ಅಲ್ಲ. ಲೈಸೆನ್ಸ್, ವಿಮೆ, ತರಬೇತಾದ ಆಳು, ಎಲ್ಲ ಬೇರೆ ಲೆಕ್ಕ. ಈ ಲೇಖನ ಅವರಿಗೆ ಸಾಲದು.

ಮೂರನೆಯದು: ದಾರಿ ಮತ್ತು ತೂಕ

ಹೊರದೇಶದ ವಿಡಿಯೊಗಳಲ್ಲಿ ಟ್ರೇಲರನ್ನು ಕಾಂಕ್ರೀಟ್ ಇಳಿಜಾರಿನಲ್ಲಿ ಹಿಂದಕ್ಕೆ ಬಿಟ್ಟು ದೋಣಿಯನ್ನು ನೀರಿಗೆ ಜಾರಿಸುತ್ತಾರೆ. ನಮ್ಮಲ್ಲಿ ಆ ಇಳಿಜಾರು ಎಲ್ಲಿದೆ? ತೋಟದ ಗೇಟ್, ಒಂದು ಜೀಪು ಹೋಗುವಷ್ಟೇ ಅಗಲದ ಮಣ್ಣು ರಸ್ತೆ, ಎರಡು ತಿರುವು, ಕೊನೆಗೆ ಹುಲ್ಲಿನ ದಂಡೆ. ಆ ಕೊನೆಯ 50 ಮೀಟರನ್ನು ದೋಣಿ ಕೈಯಲ್ಲೇ ಹೋಗಬೇಕು. ಅದಕ್ಕೇ ಕೊಡಗಿನಲ್ಲಿ ದೋಣಿಯ ತೂಕವೇ ಅದರ ಮುಖ್ಯ ಗುಣ.

ಅಂದಾಜು ಹೀಗಿದೆ. ಗಾಳಿ ತುಂಬಿಸುವ ಇಬ್ಬರ ಕಯಾಕ್ 12ರಿಂದ 18 ಕೆ.ಜಿ. ಗಟ್ಟಿ ಪ್ಲಾಸ್ಟಿಕ್ಕಿನ ಒಬ್ಬರ ಕಯಾಕ್ 20ರಿಂದ 27, ಇಬ್ಬರದು 30ರಿಂದ 40. ಸುಮಾರು 11 ಅಡಿಯ ಗಾಳಿ ದೋಣಿ, ಗಟ್ಟಿ ನೆಲ ಇರುವಂಥದು, 50ರಿಂದ 60. 14 ಅಡಿಯ ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ ಬರೀ ಒಡಲೇ 100 ಕೆ.ಜಿ. ಆಸುಪಾಸು. 18 ಅಡಿಯ ಸೋಫಾ ಸೀಟಿನ ಸ್ಪೀಡ್‌ಬೋಟ್ ಇಂಜಿನ್ ಸೇರಿ ಒಂದು ಟನ್ ದಾಟುತ್ತದೆ, ಟ್ರೇಲರ್ ತೂಕ ಬೇರೆ.

40 ಕೆ.ಜಿ.ವರೆಗೆ ಇಬ್ಬರು ಎತ್ತಬಹುದು. 100 ಕೆ.ಜಿ.ಗೆ ನಾಲ್ವರು ಗಟ್ಟಿ ಆಳು ಬೇಕು. ಭಾನುವಾರ ಆ ನಾಲ್ವರು ಸಿಗುತ್ತಾರಾ? ಕಾರಿನ ಮೇಲೆ ಹೊರುವುದಾದರೆ ಚಾವಣಿ ಎಷ್ಟು ತೂಕ ತಡೆಯುತ್ತದೆ ಅಂತ ಕಾರಿನ ಪುಸ್ತಕದಲ್ಲಿ ನೋಡಿ. ಹೆಚ್ಚಿನ ಕಾರುಗಳಿಗೆ 50ರಿಂದ 75 ಕೆ.ಜಿ. ಮಾತ್ರ, ಅದರಲ್ಲಿ ಕ್ಯಾರಿಯರ್ ತೂಕವೂ ಸೇರಿದೆ. ಪಿಕಪ್ ಇದ್ದರೆ ಸುಲಭ. ಆದರೆ ಹಿಂದೆ ಚಾಚಿಕೊಂಡ ಉದ್ದಕ್ಕೆ ಕೆಂಪು ಬಟ್ಟೆ ಕಟ್ಟಿ.

ನಾಲ್ಕನೆಯದು: ಕೂರುವವರು ಯಾರು?

"ಆರು ಜನ ಕೂರಬಹುದು" ಅಂತ ಅಂಗಡಿಯವರು ಹೇಳುವ ಲೆಕ್ಕದಲ್ಲಿ ಆರೂ ಜನ ತೆಳ್ಳಗಿರುತ್ತಾರೆ, ಊಟದ ಬುಟ್ಟಿ ತಂದಿರುವುದಿಲ್ಲ. ಗಟ್ಟಿ ಒಡಲಿನ ಚಿಕ್ಕ ಇಂಜಿನ್ ದೋಣಿಗಳಿಗೆ ಒಂದು ಹಳೆಯ ಲೆಕ್ಕ ಇದೆ. ಉದ್ದವನ್ನೂ ಅಗಲವನ್ನೂ ಅಡಿಯಲ್ಲಿ ಅಳೆದು ಗುಣಿಸಿ, 15ರಿಂದ ಭಾಗಿಸಿ. 14 ಅಡಿ ಉದ್ದ, 5 ಅಡಿ ಅಗಲ ಇದ್ದರೆ 70. 15ರಿಂದ ಭಾಗಿಸಿದರೆ ನಾಲ್ಕೂವರೆ ಚಿಲ್ಲರೆ. ಅಂದರೆ ನಾಲ್ಕು ಜನ, ಐದಲ್ಲ. ದೋಣಿಯ ಮೇಲೆ ತಯಾರಕರ ಫಲಕವಿದ್ದು ಅದರಲ್ಲಿ ಕೆ.ಜಿ. ಲೆಕ್ಕ ಕೊಟ್ಟಿದ್ದರೆ ಅದನ್ನೂ ನೋಡಿ. ಎರಡು ಲೆಕ್ಕದಲ್ಲಿ ಯಾವುದು ಕಡಿಮೆಯೋ ಅದು ನಿಮ್ಮದು. ಗಾಳಿ ದೋಣಿಗೂ ಕಯಾಕಿಗೂ ಈ ಗುಣಾಕಾರ ಹೊಂದುವುದಿಲ್ಲ, ಫಲಕವೊಂದೇ ದಾರಿ.

ನಮ್ಮ ಮನೆಗಳಲ್ಲಿ ಹುತ್ತರಿ ಹಬ್ಬಕ್ಕೆ ಒಕ್ಕದವರೆಲ್ಲ, ಅಂದರೆ ಇಡೀ ಮನೆತನದವರು, ಸೇರುತ್ತಾರೆ. ಹದಿನೈದು ಮಕ್ಕಳು, ಒಂದೇ ದೋಣಿ. "ಇನ್ನೊಬ್ಬಳು ಚಿಕ್ಕವಳು, ಕೂರಲಿ ಬಿಡಿ ಮಾವ" ಅನ್ನುವ ಮಾತು ಬಂದೇ ಬರುತ್ತದೆ. ದೋಣಿಯ ಒಳಬದಿಯಲ್ಲಿ ಎಷ್ಟು ಜನ ಅಂತ ದೊಡ್ಡ ಅಕ್ಷರದಲ್ಲಿ ಪೇಂಟ್ ಮಾಡಿಸಿ. ಮಾವ ಬೇಡ ಅಂದರೆ ಕೇಳದವರು ಬರೆದಿದ್ದಕ್ಕೆ ಬೆಲೆ ಕೊಡುತ್ತಾರೆ, ಯಾಕೋ ಗೊತ್ತಿಲ್ಲ.

ಇನ್ನೊಂದು ಪರೀಕ್ಷೆ ಅಜ್ಜಿಯದು. ಸೀರೆ ಉಟ್ಟ ಎಪ್ಪತ್ತರ ಅಜ್ಜಿ ಇದಕ್ಕೆ ಹತ್ತಬಹುದಾ? ಕಯಾಕಿಗೆ ಆಗುವುದಿಲ್ಲ. ಅದು ಮಕ್ಕಳ, ಹರೆಯದವರ ವಸ್ತು. ಅಜ್ಜಿಯೂ ಬರಬೇಕು ಅಂದರೆ ಚಪ್ಪಟೆ ತಳ, ಎತ್ತರದ ಅಂಚು, ಬೆನ್ನು ಆನಿಸುವ ಸೀಟು ಇರುವ ದೋಣಿ ನೋಡಬೇಕು. ಒಂದು ಅಂಚಿನ ಮೇಲೆ ನೀವು ಪೂರ್ತಿ ಭಾರ ಬಿಟ್ಟು ನಿಂತಾಗ ಇನ್ನೊಂದು ಅಂಚು ಎಷ್ಟು ಏಳುತ್ತದೆ ನೋಡಿ. ಅಂಗಡಿಯಲ್ಲಿ ನೆಲದ ಮೇಲೆ ಇಟ್ಟು ತೋರಿಸಿದರೆ ಇದು ಗೊತ್ತಾಗುವುದಿಲ್ಲ, ನೀರಿನಲ್ಲೇ ನೋಡಬೇಕು. ಚಪ್ಪಟೆ ತಳ ನಿಂತ ನೀರಿನಲ್ಲಿ ಅಲ್ಲಾಡುವುದು ಕಡಿಮೆ, ಅಲೆ ಎದ್ದರೆ ಮಾತ್ರ ಬಡಿದುಕೊಳ್ಳುತ್ತದೆ. ವಿ ಆಕಾರದ ತಳ ಅಲೆ ಸೀಳುತ್ತದೆ, ಆದರೆ ಹೆಚ್ಚು ಆಳ ಕೇಳುತ್ತದೆ. ಕೆರೆಗೆ ಚಪ್ಪಟೆಯೇ ಸರಿ.

ನಾಯಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಗಾಳಿ ದೋಣಿಗೆ ಲ್ಯಾಬ್ರಡಾರ್ ಹಾರಿದರೆ ಉಗುರಿನ ಗೀರು ಖಂಡಿತ.

ಐದನೆಯದು: ಈಗ ದೋಣಿ

ಒಂದೇ ದೋಣಿ ಕೊಳ್ಳುವುದಾದರೆ, ಮಕ್ಕಳು ಎಂಟು ವರ್ಷ ದಾಟಿದ್ದರೆ, ನಾನು ಹೇಳುವುದು ಇಬ್ಬರ ಸಿಟ್-ಆನ್-ಟಾಪ್ ಕಯಾಕ್. ಒಳಗೆ ಕಾಲು ತೂರಿಸಿ ಕೂರುವ ಕಯಾಕ್ ಅಲ್ಲ, ಮೇಲೆ ಕೂರುವಂಥದು. ಗಟ್ಟಿ ಪ್ಲಾಸ್ಟಿಕ್, ಕಲ್ಲಿಗೆ ತಾಗಿದರೂ ಗೀರು ಬೀಳುತ್ತದೆ ಅಷ್ಟೇ. ಒಳಗೆ ಬಂದ ನೀರು ತಳದ ತೂತುಗಳಿಂದ ತಾನೇ ಇಳಿದು ಹೋಗುತ್ತದೆ. ಮಗುಚಿದರೂ ಮುಳುಗುವುದಿಲ್ಲ, ಜನ ಒಳಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಮಗುಚಿದ ಮೇಲೆ ಹತ್ತುವುದನ್ನು ಕೊಳ್ಳುವ ಮೊದಲೇ ಮಾಡಿ ನೋಡಿ. ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ. ಪಕ್ಕದಲ್ಲಿ ನಿಂತು ಆಚೆ ಅಂಚನ್ನು ಹಿಡಿದು ಎಳೆದು ನೆಟ್ಟಗೆ ಮಾಡಿ. ಕಾಲನ್ನು ಹಿಂದಕ್ಕೆ ಬಿಟ್ಟು ಜೋರಾಗಿ ಒದೆಯುತ್ತಾ ಹೊಟ್ಟೆ ಸೀಟಿನ ಮೇಲೆ ಬರುವಂತೆ ಅಡ್ಡ ಬೀಳಿ. ಆಮೇಲೆ ಹೊರಳಿ, ಕೊನೆಗೆ ಕಾಲು ಒಳಗೆ. ಆಚೆ ಬದಿಯಲ್ಲಿ ಇನ್ನೊಬ್ಬರು ಹಿಡಿದುಕೊಂಡರೆ ಸುಲಭ. ಹತ್ತು ವರ್ಷದ ಹುಡುಗಿ ಮಾಡುತ್ತಾಳೆ, ಹೊಟ್ಟೆ ಬಂದ ಚಿಕ್ಕಪ್ಪನಿಗೆ ಕಷ್ಟ. ಹತ್ತಲು ಆಗದ ದೋಣಿ ನಿಮಗೆ ಬೇಡ.

ಗಾಳಿ ತುಂಬಿಸುವ ಕಯಾಕ್, ಗಾಳಿ ದೋಣಿ ಬೆಂಗಳೂರು, ಮೈಸೂರಿನಲ್ಲಿದ್ದು ರಜೆಗೆ ಊರಿಗೆ ಬರುವವರಿಗೆ ಹೊಂದುತ್ತವೆ. ಡಿಕ್ಕಿಯಲ್ಲಿ ಹಿಡಿಯುತ್ತವೆ. ಕನಿಷ್ಠ ಮೂರು ಬೇರೆ ಬೇರೆ ಗಾಳಿ ಕೋಣೆಗಳಿರಬೇಕು, ಒಂದು ಹೋದರೂ ಉಳಿದವು ತೇಲಿಸುತ್ತವೆ. ಪಿವಿಸಿಯದು ಅಗ್ಗ, ಹೈಪಲಾನ್ ಅನ್ನುವ ರಬ್ಬರ್ ಬಟ್ಟೆಯದು ದುಬಾರಿ ಆದರೆ ಬಿಸಿಲಿಗೆ ಜಾಸ್ತಿ ಬಾಳುತ್ತದೆ. ಯಾವುದೇ ಆದರೂ ಮಧ್ಯಾಹ್ನ ದಂಡೆಯ ಬಿಸಿಲಿನಲ್ಲಿ ಬಿಟ್ಟು ಊಟಕ್ಕೆ ಹೋಗುವಾಗ ಸ್ವಲ್ಪ ಗಾಳಿ ಬಿಡಿ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಅಂಟು ಬಿಡುತ್ತದೆ. ಈಜುಕೊಳದಲ್ಲಿ ಆಡಲು ಮಾಡಿದ ತೆಳು ಪ್ಲಾಸ್ಟಿಕ್ ದೋಣಿಗಳೂ ಆನ್‌ಲೈನ್‌ನಲ್ಲಿ ಇದೇ ಹೆಸರಲ್ಲಿ ಸಿಗುತ್ತವೆ. ಅವು ಕೆರೆಗೆ ಬೇಡವೇ ಬೇಡ.

ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ಹರೆಯದ ಮಕ್ಕಳಿಗೆ ಖುಷಿ ಕೊಡುತ್ತದೆ. ಸುಮಾರು 10 ಕೆ.ಜಿ., ಮಡಚಿ ಬ್ಯಾಗಿಗೆ ಹಾಕಬಹುದು. ಫೈಬರ್ ಹರಿಗೋಲು ಚೆಂದ, ಅಗ್ಗ, ಇಳಿಸುವುದೂ ಸುಲಭ. ಆದರೆ ಹುಟ್ಟು ಹಾಕಲು ಬಾರದವರ ಕೈಯಲ್ಲಿ ಅದು ನಿಂತಲ್ಲೇ ಸುತ್ತುತ್ತದೆ. ಕಲಿತವರು ಮನೆಯಲ್ಲಿದ್ದರೆ ಮಾತ್ರ.

ಅಜ್ಜಿ, ಊಟದ ಬುಟ್ಟಿ, ನಾಯಿ ಎಲ್ಲ ಒಟ್ಟಿಗೆ ಹೋಗಬೇಕು ಅಂದರೆ 12ರಿಂದ 14 ಅಡಿಯ ಚಪ್ಪಟೆ ಅಲ್ಯೂಮಿನಿಯಂ ಅಥವಾ ಫೈಬರ್ ದೋಣಿ. ಸೀಟಿನ ಕೆಳಗೆ ತೇಲುವ ಫೋಮ್ ತುಂಬಿದೆಯಾ ಅಂತ ಕೇಳಬೇಡಿ, ಸ್ಕ್ರೂ ಬಿಚ್ಚಿಸಿ ನೋಡಿ. ಫೋಮ್ ಇಲ್ಲದ ಅಲ್ಯೂಮಿನಿಯಂ ದೋಣಿಗೆ ನೀರು ತುಂಬಿದರೆ ಸೀದಾ ತಳಕ್ಕೆ.

ಟ್ಯೂಬ್, ಸ್ಕೀಯಿಂಗ್ ಆಸೆ ಇರುವವರಿಗೆ

ಎಳೆಯುವ ಆಟಕ್ಕೆ ಬೇರೆ ದೋಣಿಯೇ ಬೇಕು. ಹಗುರ ದೋಣಿಯಲ್ಲಿ ಒಬ್ಬ ಮಗುವನ್ನು ಟ್ಯೂಬಿನಲ್ಲಿ ಎಳೆಯಲೂ 40 ಎಚ್‌ಪಿ ಬೇಕಾಗುತ್ತದೆ. ದೊಡ್ಡವರ ವಾಟರ್ ಸ್ಕೀಗೆ 100 ಎಚ್‌ಪಿ ಮೇಲಿನ ದೋಣಿ ಇದ್ದರೆ ಆರಾಮ. ಸ್ಕೀ ಹಗ್ಗ ಸಾಮಾನ್ಯವಾಗಿ 75 ಅಡಿ, ಅಂದರೆ 23 ಮೀಟರ್. ಓಡಿಸುವವರ ಜೊತೆಗೆ ಹಿಂದೆ ನೋಡುತ್ತಾ ಕೂರುವ ಇನ್ನೊಬ್ಬರು ಬೇಕೇ ಬೇಕು. ಬಿದ್ದವರ ಹತ್ತಿರ ಬಂದಾಗ ಇಂಜಿನ್ ನ್ಯೂಟ್ರಲ್ ಅಲ್ಲ, ಪೂರ್ತಿ ಆಫ್.

ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಹತ್ತಿರದಲ್ಲೇ ಜಾರುವ ವೇಕ್ ಸರ್ಫಿಂಗ್ ವಿಡಿಯೊಗಳನ್ನು ನೋಡಿರುತ್ತೀರಿ. ಆ ದೋಣಿಗಳಲ್ಲಿ ಪ್ರೊಪೆಲ್ಲರ್ ಒಡಲಿನ ಅಡಿಯಲ್ಲಿ, ಮುಂದಕ್ಕೆ ಇರುತ್ತದೆ. ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಇರುವ ದೋಣಿಯ ಹಿಂದೆ ಅದನ್ನು ಮಾಡಿದರೆ ಬಿದ್ದವರು ಪ್ರೊಪೆಲ್ಲರ್ ಮೇಲೇ ಬೀಳುತ್ತಾರೆ. ಮಾಡಲೇಬಾರದು.

ಇಷ್ಟೆಲ್ಲ ಕೊಂಡರೂ ಓಡಿಸಲು ದೊಡ್ಡ ಹಿನ್ನೀರು ಬೇಕು, ಅದಕ್ಕೆ ಅನುಮತಿ ಬೇಕು, ಒಂದು ಟನ್ ದೋಣಿ ಇಳಿಸಲು ಜಾಗ ಬೇಕು, ಬೇಸಿಗೆಯಲ್ಲಿ ಬೊಡ್ಡೆ ತಪ್ಪಿಸಬೇಕು. ವರ್ಷಕ್ಕೆ ನಾಲ್ಕು ದಿನದ ಆಟಕ್ಕೆ ಇದು ದಂಡ. ಸಂಪಾಜೆ ಘಾಟಿ ಇಳಿದರೆ ಕರಾವಳಿ. ಮಲ್ಪೆ, ಮುರುಡೇಶ್ವರದ ಕಡೆ ಬಾಡಿಗೆಗೆ ಈ ಆಟಗಳು ಸಿಗುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗಿ ಮನಸಾರೆ ಆಡಿಸಿ ಬನ್ನಿ.

ಆರನೆಯದು: ಇಂಜಿನ್ ಬೇಕಾ?

ಕಯಾಕಿಗೆ ಬೇಡ. ಅಲ್ಯೂಮಿನಿಯಂ ದೋಣಿಗೆ ಬೇಕು ಅನ್ನಿಸಿದರೆ ಮೊದಲು ಎಲೆಕ್ಟ್ರಿಕ್ ಮೋಟಾರ್ ನೋಡಿ. ಸದ್ದಿಲ್ಲ, ಹೊಗೆಯಿಲ್ಲ, ಕೆರೆಯ ನೀರಿಗೆ ಎಣ್ಣೆ ಬೀಳುವುದಿಲ್ಲ. ಅದೇ ನೀರು ತೋಟಕ್ಕೆ ಹೋಗುತ್ತದೆ ತಾನೇ.

ಇವುಗಳ ಶಕ್ತಿಯನ್ನು ಪೌಂಡ್ ತಳ್ಳುವಿಕೆಯಲ್ಲಿ ಹೇಳುತ್ತಾರೆ. ದೋಣಿ, ಜನ, ಬ್ಯಾಟರಿ ಎಲ್ಲ ಸೇರಿದ ತೂಕದಲ್ಲಿ ಪ್ರತಿ 45 ಕೆ.ಜಿ.ಗೆ 2 ಪೌಂಡ್ ಅಂತ ಹಿಡಿಯಿರಿ. ದೋಣಿ 100, ಮೋಟಾರ್ ಮತ್ತು ಬ್ಯಾಟರಿ 40, ನಾಲ್ವರು 260, ಒಟ್ಟು 400 ಕೆ.ಜಿ. ಆದರೆ 18 ಪೌಂಡ್ ಸಾಕಾಗುತ್ತದೆ. ಎದುರು ಗಾಳಿಗೆ ಅದರ ಎರಡರಷ್ಟು ಇಟ್ಟುಕೊಳ್ಳಿ. 40ರಿಂದ 55 ಪೌಂಡಿನದು ತಂದರೆ ನಿಶ್ಚಿಂತೆ. 55 ಪೌಂಡಿನ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪ್ ಎಳೆಯುತ್ತದೆ. 100 ಆಂಪ್-ಅವರ್ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟೇ ಬಳಸಬೇಕು, ಹಾಗಾಗಿ ಒಂದು ಗಂಟೆ. ನಿಧಾನಕ್ಕೆ ಹೋದರೆ ಎಷ್ಟೋ ಜಾಸ್ತಿ ಬರುತ್ತದೆ.

ಇಲ್ಲಿ ಎಲ್ಲರಿಗೂ ಹೊಳೆಯುವ ಉಪಾಯ ಒಂದಿದೆ: ಮನೆಯ ಇನ್ವರ್ಟರ್ ಬ್ಯಾಟರಿ ಬಿಚ್ಚಿ ತರುವುದು. ಬೇಡ. ಆ 150 ಆಂಪ್-ಅವರ್ ಟ್ಯೂಬುಲರ್ ಬ್ಯಾಟರಿ 50 ಕೆ.ಜಿ. ಮೇಲಿರುತ್ತದೆ, ದೋಣಿ ವಾಲಿದಾಗ ಆಸಿಡ್ ಚೆಲ್ಲುತ್ತದೆ. ಸಂಜೆ ಕರೆಂಟ್ ಹೋದಾಗ ಮನೆಯವರು ಕೇಳುವ ಮಾತು ಬೇರೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಆಂಪ್-ಅವರ್‌ನದು 12 ಕೆ.ಜಿ. ಆಸುಪಾಸು, ಬೆಲೆ ಜಾಸ್ತಿ, ಆದರೆ ಒಬ್ಬರೇ ಹೊರಬಹುದು.

ಪೆಟ್ರೋಲ್ ಔಟ್‌ಬೋರ್ಡೇ ಬೇಕು ಅಂದರೆ ಎರಡು ವಿಷಯ ನಮ್ಮ ಊರಿಗೇ ಸೇರಿದ್ದು. ಒಂದು, ಎತ್ತರ. ಹಾರಂಗಿಯ ತುಂಬಿದ ಮಟ್ಟವೇ ಸಮುದ್ರದಿಂದ 2,859 ಅಡಿ. ಸಾವಿರ ಅಡಿಗೆ ಸುಮಾರು ಶೇ 3ರಂತೆ ಇಂಜಿನ್ ಶಕ್ತಿ ಕುಗ್ಗುತ್ತದೆ. ಮಂಗಳೂರಿನಲ್ಲಿ 40 ಎಚ್‌ಪಿ ಅನ್ನಿಸಿದ್ದು ಇಲ್ಲಿ 36, 37. ಎಳೆತ ಸಾಲದಿದ್ದರೆ ಇಂಜಿನ್ ಬದಲಿಸುವ ಮೊದಲು ಪಿಚ್ (ಒಂದು ಸುತ್ತಿಗೆ ಮುಂದೆ ತಳ್ಳುವ ದೂರ) ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿ ನೋಡಿ. ಎರಡು, ಪೆಟ್ರೋಲ್. ಬಹಳಷ್ಟು ಔಟ್‌ಬೋರ್ಡ್ ಕಂಪನಿಗಳು ಶೇ 10ರವರೆಗಿನ ಎಥನಾಲ್ ಮಾತ್ರ ಸರಿ ಅನ್ನುತ್ತವೆ. ಬಂಕ್‌ನಲ್ಲಿ ಈಗ ಸಿಗುವುದು ಶೇ 20ರದ್ದು. ಯಾವ ಪೆಟ್ರೋಲಿಗೆ ಒಗ್ಗುತ್ತದೆ ಅಂತ ಇಂಜಿನ್ ಪುಸ್ತಕದಲ್ಲಿ ಓದಿಯೇ ಕೊಳ್ಳಿ.

ಶಾಫ್ಟ್ ಉದ್ದ ದೋಣಿಯ ಹಿಂಬದಿ ಹಲಗೆಯ ಎತ್ತರಕ್ಕೆ ಹೊಂದಬೇಕು. 15 ಇಂಚಿನದು ಗಿಡ್ಡ, 20 ಇಂಚಿನದು ಉದ್ದ. ಓಡಿಸುವವರ ಕೈಗೆ ಕಟ್ಟುವ ಕಿಲ್ ಸ್ವಿಚ್ ದಾರ ಇರಲೇಬೇಕು. ಅವರು ನೀರಿಗೆ ಬಿದ್ದರೆ ಇಂಜಿನ್ ನಿಲ್ಲುತ್ತದೆ.

ಹಳೆಯ ದೋಣಿ ನೋಡಲು ಹೋದಾಗ

ಹಳೆಯ ದೋಣಿಗಳು ನಮಗೆ ಹೆಚ್ಚಾಗಿ ಮಂಗಳೂರು, ಉಡುಪಿ, ಗೋವಾ, ಕೊಚ್ಚಿ ಕಡೆಯಿಂದ ಬರುತ್ತವೆ. ಎಲ್ಲ ಉಪ್ಪುನೀರಿನಲ್ಲಿ ಓಡಿದವು. ಒಳ್ಳೆಯ ಪೇಂಟ್ ನೋಡಿ ಮರುಳಾಗಬೇಡಿ, ಇಂಜಿನ್ ಬ್ರಾಕೆಟ್ಟಿನ ಸಂದಿ, ಬೋಲ್ಟುಗಳ ತಲೆ, ವೈರಿನ ತುದಿಗಳನ್ನು ನೋಡಿ. ಬಿಳಿ ಪುಡಿ, ಹಸಿರು ಕಿಲುಬು ಅಲ್ಲೇ ಸಿಗುತ್ತದೆ.

ಫೈಬರ್ ಒಡಲಿನ ಉದ್ದಕ್ಕೂ ಒಂದು ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣ್ ಅಂತ ಗಟ್ಟಿ ಸದ್ದು ಬರುತ್ತಿದ್ದದ್ದು ಒಂದು ಕಡೆ ಡಬ್ ಅಂತ ಮಂಕಾದರೆ ಒಳಗೆ ಪದರ ಬಿಟ್ಟಿದೆ ಅಥವಾ ನೀರು ಕುಡಿದಿದೆ. ಆಮೇಲೆ ಇಂಜಿನ್ ಕೂತಿರುವ ಹಿಂಬದಿ ಹಲಗೆ. ಇಂಜಿನ್ನಿನ ತಳ ಹಿಡಿದು ಮೇಲಕ್ಕೂ ಕೆಳಕ್ಕೂ ಜೋರಾಗಿ ಅಲ್ಲಾಡಿಸಿ, ಕಣ್ಣು ಹಲಗೆಯ ಮೇಲಿರಲಿ. ಹಲಗೆ ಬಾಗಿದರೆ, ಬೋಲ್ಟಿನ ಸುತ್ತ ಕಂದು ನೀರು ಜಿನುಗಿದರೆ ಒಳಗಿನ ಮರ ಕೊಳೆತಿದೆ. ಅದನ್ನು ಬದಲಿಸುವ ಖರ್ಚಿನಲ್ಲಿ ಇನ್ನೊಂದು ದೋಣಿ ಬರುತ್ತದೆ. ನೆಲದ ಮೇಲೆ ಬರಿಗಾಲಲ್ಲಿ ನಡೆಯಿರಿ. ಮೆತ್ತಗೆ ಅನ್ನಿಸಿದ ಕಡೆ ಅದೇ ರೋಗ.

ಕೊನೆಗೆ ಇಂಜಿನ್ನಿನ ಕೆಳಭಾಗದ ಗೇರ್ ಆಯಿಲ್ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಬೆರಳ ಮೇಲೆ ಬಿಡಿ. ಆಯಿಲ್ ತಿಳಿಯಾಗಿದ್ದರೆ ಸರಿ. ಹಾಲು ಹಾಕಿದ ಕಾಫಿಯ ಹಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ, ಒಂದಕ್ಕೊಂದು ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಮಾರುವವರು ನೀವು ಬರುವ ಮೊದಲೇ ಇಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ತಣ್ಣಗಿದ್ದಾಗ ಎಷ್ಟು ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ ಅನ್ನುವುದೇ ನಾವು ನೋಡಬೇಕಾದ್ದು.

ಬಿಲ್ ವಿಷಯ. 2025ರ ಸೆಪ್ಟೆಂಬರ್ 22ರಿಂದ ಯಾಟ್ ಮತ್ತು ವಿಹಾರದ ದೋಣಿಗಳಿಗೆ ಜಿಎಸ್‌ಟಿ ಶೇ 40. ಹೊಸತಿಗೆ ಬೆಲೆ ಕೇಳುವಾಗ ತೆರಿಗೆ, ಸಾಗಣೆ ಸೇರಿಸಿಯೇ ಕೇಳಿ. ಘಾಟಿ ಹತ್ತಿಸುವ ಲಾರಿ ಬಾಡಿಗೆ ಕೆಲವು ಸಲ ಕಯಾಕಿನ ಬೆಲೆಗೆ ಹತ್ತಿರ ಬರುತ್ತದೆ.

ಲೈಫ್ ಜಾಕೆಟ್: ದೋಣಿಗಿಂತ ಮೊದಲು

ದೋಣಿಗೆ ಚೌಕಾಸಿ ಮಾಡಿ, ಇದಕ್ಕೆ ಬೇಡ. ಜಾಕೆಟ್ ಮೇಲೆ ಅದರ ತೇಲಿಸುವ ಬಲ ಹೇಳುವ ನ್ಯೂಟನ್ ಅಂಕಿ ಇರುತ್ತದೆ. 50 ಅಂದರೆ ಈಜು ಬರುವವರಿಗೆ, ದಂಡೆ ಹತ್ತಿರವಿದ್ದಾಗ. ಈಜು ಬಾರದವರಿಗೆ, ಮಕ್ಕಳಿಗೆ 100. ಅಂಕಿಯೇ ಇಲ್ಲದ, ಬರೀ ಕಿತ್ತಳೆ ಬಟ್ಟೆಯೊಳಗೆ ಪ್ಯಾಕಿಂಗ್ ಥರ್ಮೋಕೋಲ್ ತುಂಬಿದ ಜಾಕೆಟ್‌ಗಳೂ ಅಂಗಡಿಯಲ್ಲಿ ನೇತಾಡುತ್ತಿರುತ್ತವೆ.

ಮಕ್ಕಳ ಜಾಕೆಟನ್ನು ವಯಸ್ಸು ನೋಡಿ ಅಲ್ಲ, ತೂಕ ನೋಡಿ ಆರಿಸಬೇಕು. ತಲೆಯ ಹಿಂದೆ ಕಾಲರ್, ಕಾಲಿನ ನಡುವೆ ಪಟ್ಟಿ ಇರಬೇಕು. ಹಾಕಿಸಿ, ಎಲ್ಲ ಬಕಲ್ ಬಿಗಿದು, ಭುಜದ ಪಟ್ಟಿ ಹಿಡಿದು ಮಗುವನ್ನು ನೆಲದಿಂದ ಎತ್ತಿ. ಜಾಕೆಟ್ ಕಿವಿಯವರೆಗೆ ಸರಿದರೆ ಅದು ದೊಡ್ಡದು. "ಮುಂದಿನ ವರ್ಷಕ್ಕೂ ಆಗುತ್ತದೆ" ಅಂತ ಯೂನಿಫಾರ್ಮ್ ಕೊಂಡ ಹಾಗೆ ಕೊಳ್ಳಬೇಡಿ. ಆಮೇಲೆ ಸೊಂಟದ ಮಟ್ಟದ ನೀರಿನಲ್ಲಿ ನೀವು ಹಿಡಿದುಕೊಂಡೇ ಮಗುವನ್ನು ಸಡಿಲ ಬಿಡಿ. ಬಾಯಿ ನೀರಿನಿಂದ ಮೇಲಿರಬೇಕು. ಗಾಳಿ ತುಂಬಿಕೊಳ್ಳುವ ಜಾಕೆಟ್ ಮಕ್ಕಳಿಗೆ ಬೇಡ.

ದೋಣಿಯಲ್ಲಿ ಇಟ್ಟುಕೊಳ್ಳುವುದಲ್ಲ, ಹಾಕಿಕೊಳ್ಳುವುದು. ಈಜುವುದರಲ್ಲಿ ಹೆಸರು ಮಾಡಿದ ದೊಡ್ಡಪ್ಪನೂ ಹಾಕಿಕೊಳ್ಳಬೇಕು. ಅವರು ಹಾಕದಿದ್ದರೆ ಮಕ್ಕಳೂ ಬಿಚ್ಚುತ್ತಾರೆ. ಗಂಬೂಟ್ ಹಾಕಿಕೊಂಡು ದೋಣಿ ಹತ್ತುವಂತಿಲ್ಲ, ನೀರು ತುಂಬಿದರೆ ಈಜಲು ಬಿಡುವುದಿಲ್ಲ. ಒಂದು ಸೀಟಿ, 15 ಮೀಟರ್ ತೇಲುವ ಹಗ್ಗ, ನೀರು ತೋಡಲು ಒಂದು ಚೊಂಬು ದೋಣಿಯಲ್ಲಿರಲಿ.

ಮಳೆಗಾಲಕ್ಕೆ ಎತ್ತಿಡುವುದು

ಮೇ ಕೊನೆಗೆ ದೋಣಿ ಮೇಲೆ ಬರಬೇಕು. ಪೆಟ್ರೋಲ್ ಟ್ಯಾಂಕನ್ನೂ ಕಾರ್ಬುರೇಟರನ್ನೂ ಪೂರ್ತಿ ಖಾಲಿ ಮಾಡಿ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಡಿಕೇರಿಯ ಜುಲೈನಲ್ಲಿ ಹೀರಲು ತೇವಕ್ಕೇನು ಬರ. ಸೆಪ್ಟೆಂಬರ್‌ನಲ್ಲಿ ತೆಗೆದಾಗ ಇಂಜಿನ್ ಸ್ಟಾರ್ಟ್ ಆಗದಿದ್ದರೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ. ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ ಮನೆಯೊಳಗೆ ಇಡಿ.

ಲೈಫ್ ಜಾಕೆಟ್, ಗಾಳಿ ದೋಣಿ ಎರಡನ್ನೂ ಮೇ ತಿಂಗಳ ಬಿಸಿಲಿರುವಾಗಲೇ ತೊಳೆದು ನೆರಳಿನಲ್ಲಿ ಒಣಗಿಸಿ. ಮಡಿಕೆಯಲ್ಲಿ ಒಂದಿಷ್ಟು ನೀರು ಉಳಿದರೂ ಬೂಷ್ಟು ಹಿಡಿಯುತ್ತದೆ. ಕಾಫಿ ಗೋಡೌನ್‌ನಲ್ಲಿ ನೆಲದ ಮೇಲೆ ಮಡಚಿ ಇಟ್ಟರೆ ಇಲಿಗೆ ಗೂಡು ಸಿದ್ಧ. ಒಂದು ಸಣ್ಣ ಕಡಿತ ಸಾಕು, ಅದೂ ಸರಿಯಾಗಿ ಹೊಲಿಗೆಯ ಮೇಲೆಯೇ ಇರುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಹಾಕಿಡಿ. ಗಟ್ಟಿ ಕಯಾಕನ್ನು ಮಗುಚಿ, ಎರಡು ಕಡೆ ಅಗಲ ಪಟ್ಟಿ ಕೊಟ್ಟು ಶೆಡ್ಡಿನ ತೊಲೆಗೆ ತೂಗುಹಾಕಿ. ತೆಳು ಹಗ್ಗದಲ್ಲಿ ಕಟ್ಟಿದರೆ ನಾಲ್ಕು ತಿಂಗಳಲ್ಲಿ ಪ್ಲಾಸ್ಟಿಕ್ ಅಲ್ಲೇ ತಗ್ಗಾಗುತ್ತದೆ. ಅಲ್ಯೂಮಿನಿಯಂ ದೋಣಿ ಹೊರಗೇ ಇರಬಹುದು, ಆದರೆ ಮಗುಚಿ, ಕಲ್ಲಿನ ಮೇಲೆ ಎತ್ತರಿಸಿ ಇಡಿ. ಸಿಲ್ವರ್ ಓಕ್ ಮರದ ಕೆಳಗೆ ಮಾತ್ರ ಬೇಡ, ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ.